ಹಳೆಯ ಸರ್ವರಿಗೆ ಹೊಸ ಮೆಮೊರಿ: ಅಳೆದು ನೋಡಿ, ಆಮೇಲೆ ಕೊಳ್ಳಿ

"ಸರ್ವರ್ ಇಲ್ಲ, ನಾಳೆ ಬನ್ನಿ." ಬೆಳ್ತಂಗಡಿಯಲ್ಲಾಗಲಿ ಬಂಟ್ವಾಳದಲ್ಲಾಗಲಿ, ಪಹಣಿಗೋ ಪಡಿತರಕ್ಕೋ ಸರದಿಯಲ್ಲಿ ನಿಂತವರೆಲ್ಲ ಈ ಮಾತು ಕೇಳಿರುತ್ತಾರೆ. ಆ ಸರ್ವರ್ ದೂರದ ಡೇಟಾ ಸೆಂಟರಿನದು. ಕೌಂಟರಿನಲ್ಲಿ ಕೂತವರಿಗೆ ಅದನ್ನು ಸರಿಪಡಿಸುವ ದಾರಿಯಿಲ್ಲ. ನಮ್ಮ ಊರುಗಳಲ್ಲಿ ಇನ್ನೊಂದು ಬಗೆಯ ಸರ್ವರ್ ಇದೆ. ಕಾಲೇಜು ಗ್ರಂಥಾಲಯದ ಹಿಂಬದಿಯಲ್ಲಿ, ಸಹಕಾರ ಸಂಘದ ಸೇಫ್ ಲಾಕರಿನ ಪಕ್ಕದಲ್ಲಿ, ಸಣ್ಣ ಆಸ್ಪತ್ರೆಯ ಬಿಲ್ಲಿಂಗ್ ಕೋಣೆಯಲ್ಲಿ, ಧರ್ಮಸ್ಥಳದ ಸುತ್ತಲಿನ ವಸತಿಗೃಹಗಳ ಕಚೇರಿಯಲ್ಲಿ ಯುಪಿಎಸ್‌ಗೆ ಅಂಟಿಕೊಂಡು ಹಗಲೂ ರಾತ್ರಿ ಗುಂಯ್‌ಗುಟ್ಟುವ ಯಂತ್ರ ಅದು. ಅದು ನಿಧಾನವಾದರೆ ಬೆಂಗಳೂರನ್ನು ದೂರುವಂತಿಲ್ಲ, ಅದರ ಕಾಯಿಲೆಗೆ ಮದ್ದು ನಮ್ಮಲ್ಲೇ ಆಗಬೇಕು.

ಒಂದು ಕಾಲದಲ್ಲಿ ಸರಕಾರದ ಸರ್ವರುಗಳೂ ಹೀಗೆ ಊರಲ್ಲೇ ಇದ್ದವು. 2001ರ ಹೊತ್ತಿಗೆ ರಾಜ್ಯದ ತಾಲ್ಲೂಕುಗಳನ್ನು ಮುಟ್ಟಿದ 'ಭೂಮಿ' ಯೋಜನೆಯಲ್ಲಿ ಆಯಾ ತಾಲ್ಲೂಕಿನ ಪಹಣಿ ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲೇ ಇರುತ್ತಿತ್ತು. ಬರಬರುತ್ತಾ ಅದು ರಾಜ್ಯದ ಡೇಟಾ ಸೆಂಟರಿಗೆ ಹೋಯಿತು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೂ ಅದೇ ದಾರಿ ತೆರೆದಿದೆ: 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 2,516 ಕೋಟಿ ರೂಪಾಯಿಯ ಯೋಜನೆ ದೇಶದ ಸುಮಾರು 63,000 ಸಂಘಗಳನ್ನು ಒಂದೇ ತಂತ್ರಾಂಶದಡಿ ತರಲು ಹೊರಟಿತು. ಹಾಗಿದ್ದರೂ ಊರಿನ ಸರ್ವರ್ ಕಾಲ ಮುಗಿದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದ ದಿನ, ಚಾರ್ಮಾಡಿಯ ಬುಡದ ಹಳ್ಳಿಯ ಕಚೇರಿಗೆ ತನ್ನ ಕೋಣೆಯಲ್ಲೇ ಇರುವ ಯಂತ್ರವೇ ಗತಿ.

ಇಂಥ ಯಂತ್ರ ಹತ್ತು ವರ್ಷ ದಾಟಿ ನಿಧಾನವಾದಾಗ ಸಂಸ್ಥೆಯವರಿಗೆ ಎರಡು ಸಲಹೆ ಸಿಗುತ್ತವೆ. "ಇದು ಹಳತಾಯ್ತು ಸರ್, ಹೊಸತು ತಗೊಳ್ಳಿ" ಎನ್ನುವವರು ಒಂದು ಕಡೆ, "ರ‍್ಯಾಮ್ ಹಾಕಿಸಿ ಮಾರಾಯ್ರೆ, ಸರಿಯಾಗ್ತದೆ" ಎನ್ನುವವರು ಇನ್ನೊಂದು ಕಡೆ. ಎರಡೂ ಸಲಹೆ ಸರಿಯಾಗಿರಬಹುದು. ನನ್ನ ತಕರಾರು ಏನೆಂದರೆ, ಎರಡನ್ನೂ ಯಂತ್ರದ ಒಳಗೆ ಏನಾಗುತ್ತಿದೆ ಎಂದು ನೋಡದೆಯೇ ಕೊಡಲಾಗುತ್ತದೆ. ನೋಡುವುದಕ್ಕೆ ಖರ್ಚಿಲ್ಲ, ಅರ್ಧ ದಿನದ ತಾಳ್ಮೆ ಸಾಕು.

ಜಾತ್ರೆಯ ಅನ್ನಸಂತರ್ಪಣೆಯಲ್ಲಿ ಬಡಿಸುವವರ ಕೈಯ ಪಾತ್ರೆ ಚಿಕ್ಕದಾದರೆ ನಾಲ್ಕು ಜನಕ್ಕೊಮ್ಮೆ ಅಡುಗೆಮನೆಗೆ ಓಡಬೇಕಾಗುತ್ತದೆ; ಒಳಗೆ ಅನ್ನ ಎಷ್ಟೇ ಇದ್ದರೂ ಪಂಕ್ತಿ ಕಾಯುತ್ತದೆ. ರ‍್ಯಾಮ್ ಕಡಿಮೆಯಾದ ಸರ್ವರಿನ ಪಾಡೂ ಇದೇ. ಕೆಲಸಕ್ಕೆ ಬೇಕಾದ ಮಾಹಿತಿ ಮೆಮೊರಿಯಲ್ಲಿ ಹಿಡಿಸದಿದ್ದಾಗ ಅದು ಒಂದಷ್ಟನ್ನು ಹಾರ್ಡ್ ಡಿಸ್ಕಿಗೆ ತಳ್ಳಿ, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತದೆ. ಮೆಮೊರಿಯಿಂದ ಒಂದು ತುಣುಕು ಓದಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಡಿಸ್ಕಿನಲ್ಲಿ ಅದನ್ನು ಹುಡುಕಿ ತರಲು ಸುಮಾರು 10 ಮಿಲಿಸೆಕೆಂಡ್ ಬೇಕು. ಅಂತರ ಒಂದು ಲಕ್ಷ ಪಟ್ಟು. ಪ್ರೊಸೆಸರ್ ಸುಮ್ಮನೆ ಕೂತಿರುತ್ತದೆ, ಡಿಸ್ಕ್ ಕೆರೆಯುತ್ತಿರುತ್ತದೆ, ಕೌಂಟರಿನಲ್ಲಿ ಜನ ನಿಂತಿರುತ್ತಾರೆ.

ನಿಮ್ಮ ಯಂತ್ರದಲ್ಲಿ ಆಗುತ್ತಿರುವುದು ಇದೇನಾ ಎಂದು ತಿಳಿಯಲು, ವಿಂಡೋಸ್ ಇದ್ದರೆ 'ರಿಸೋರ್ಸ್ ಮಾನಿಟರ್' ತೆರೆದು ಮೆಮೊರಿ ಪುಟದಲ್ಲಿ 'ಹಾರ್ಡ್ ಫಾಲ್ಟ್ಸ್' ಎಂಬ ಗೆರೆಯನ್ನು ನೋಡಿ. ಅದು ಸತತವಾಗಿ ಎದ್ದೇ ಇದ್ದು, ಲಭ್ಯ ಮೆಮೊರಿ ತಳ ಮುಟ್ಟಿದ್ದರೆ ಕೊರತೆ ನಿಜ. ಲಿನಕ್ಸ್ ಇದ್ದರೆ 'ವಿಎಂಸ್ಟ್ಯಾಟ್' ಆಜ್ಞೆ ಕೊಟ್ಟು 'ಎಸ್‌ಐ', 'ಎಸ್‌ಒ' ಎಂಬ ಎರಡು ಕಂಬಸಾಲುಗಳನ್ನು ಗಮನಿಸಿ. ಡಿಸ್ಕಿಗೂ ಮೆಮೊರಿಗೂ ನಡುವಿನ ಓಡಾಟ ಅಲ್ಲಿ ಕಾಣುತ್ತದೆ. 'ಫ್ರೀ' ಆಜ್ಞೆಯಲ್ಲಿ 'ಫ್ರೀ' ಎಂಬ ಅಂಕಿ ತೀರಾ ಸಣ್ಣದಿದೆ ಎಂದು ಗಾಬರಿಯಾಗಬೇಡಿ. ಖಾಲಿ ಉಳಿದ ಮೆಮೊರಿಯನ್ನು ಲಿನಕ್ಸ್ ಕಡತಗಳನ್ನು ಇಟ್ಟುಕೊಳ್ಳಲು ಬಳಸಿ, ಬೇಕೆಂದಾಗ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು 'ಅವೈಲಬಲ್' ಎಂಬ ಅಂಕಿ.

ಈ ಅಳತೆಯನ್ನು ಜನ ಇರುವ ದಿನವೇ ಮಾಡಬೇಕು. ಸಂಘವಾದರೆ ಮಾರ್ಚ್ ಕೊನೆಯ ವಾರ, ಕಾಲೇಜಾದರೆ ಪ್ರವೇಶಾತಿಯ ದಿನಗಳು, ಧರ್ಮಸ್ಥಳದ ವಸತಿಗೃಹವಾದರೆ ಕಾರ್ತಿಕದ ಲಕ್ಷದೀಪೋತ್ಸವ. ರಜೆಯ ಮಧ್ಯಾಹ್ನ ಎಲ್ಲ ಸರ್ವರುಗಳೂ ಆರೋಗ್ಯವಂತರೇ.

ಅಳತೆಯಿಂದ ಹೊರಡುವ ಉತ್ತರ ಕೆಲವೊಮ್ಮೆ ಬೇರೆಯೇ ಇರುತ್ತದೆ. ಮೆಮೊರಿ ಸಾಕಷ್ಟಿದೆ, ಆದರೂ ಡಿಸ್ಕ್ ನೂರಕ್ಕೆ ನೂರು ದುಡಿಯುತ್ತಿದೆ ಎಂದಾದರೆ ರ‍್ಯಾಮಿಗೆ ಇಟ್ಟ ಹಣವನ್ನು ಎಸ್‌ಎಸ್‌ಡಿಗೆ ತಿರುಗಿಸಿ. ತಿರುಗುವ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಕೂರಿಸಿದ ಮೇಲೆ ಅದೇ ಹಳೆಯ ಯಂತ್ರ ಗುರುತು ಸಿಗದಷ್ಟು ಚುರುಕಾಗುವುದನ್ನು ಕಂಡಿದ್ದೇನೆ.

ಇನ್ನು ಕೆಲವು ಕೆಲಸಗಳಿಗೆ ಮೆಮೊರಿಗೆ ಬದಲಿಯೇ ಇಲ್ಲ. ನಮ್ಮ ಸೀಮೆ ಓಲೆಗರಿಗಳ ಸೀಮೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲ, ಜಯಧವಲ, ಮಹಾಧವಲ ಗ್ರಂಥಗಳ ಗರಿಗಳಿಂದಲೇ ಆ ಜೈನ ಆಗಮ ವ್ಯಾಖ್ಯಾನಗಳು ಲೋಕಕ್ಕೆ ಉಳಿದವು. ಧವಲದ ಮುದ್ರಿತ ಸಂಪುಟಗಳು ಹೊರಬರತೊಡಗಿದ್ದು 1939ರಲ್ಲಿ. ಧರ್ಮಸ್ಥಳದಲ್ಲೂ ಓಲೆಗರಿಗಳ ದೊಡ್ಡ ಸಂಗ್ರಹವಿದೆ. ಇಂಥ ಗರಿಗಳನ್ನು ಸ್ಕ್ಯಾನ್ ಮಾಡಿ ಇಡುವ ಯಾವುದೇ ಸಂಸ್ಥೆಯ ಲೆಕ್ಕ ಹೀಗಿರುತ್ತದೆ: ಗರಿ ಎರಡು ಅಡಿ ಉದ್ದ, ಎರಡೂವರೆ ಇಂಚು ಅಗಲ ಎಂದಿಟ್ಟುಕೊಳ್ಳಿ. ಇಂಚಿಗೆ 600 ಚುಕ್ಕೆಯಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 14,400 ಚುಕ್ಕೆ ಉದ್ದ, 1,500 ಚುಕ್ಕೆ ಅಗಲ. ಚುಕ್ಕೆಗೆ ಮೂರು ಬೈಟ್. ಒಂದು ಗರಿಯ ಒಂದು ಮಗ್ಗುಲು ಬಿಚ್ಚಿ ಮೆಮೊರಿಗೆ ಬಂದಾಗ ಸುಮಾರು 65 ಎಂಬಿ. ಹತ್ತು ಗರಿಗಳ ಎರಡೂ ಮಗ್ಗುಲು ಒಟ್ಟಿಗೆ ತೆರೆದರೆ 1.3 ಜಿಬಿ. ಬೆಳಕು ತಿದ್ದಲು, ಅಂಚು ಕತ್ತರಿಸಲು ತಂತ್ರಾಂಶ ಇನ್ನೊಂದೆರಡು ಪ್ರತಿ ಮಾಡಿಕೊಳ್ಳುತ್ತದೆ. 4 ಜಿಬಿಯ ಹಳೆಯ ಯಂತ್ರ ಇಲ್ಲಿ ಕೈಚೆಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಈ ಕೆಲಸ ದುಡ್ಡಿಲ್ಲದೆ ನಿಲ್ಲುವುದಕ್ಕಿಂತ ಒಂದೆರಡು ಸ್ಟಿಕ್ ಮೆಮೊರಿಯಿಂದ ಮುಂದೆ ಸಾಗುವುದಾದರೆ ಅದಕ್ಕಿಂತ ಒಳ್ಳೆಯ ಖರ್ಚು ನನಗೆ ಕಾಣುವುದಿಲ್ಲ.

ಕೊರತೆ ಖಚಿತವಾದ ಮೇಲೆ ಬರುವ ಪ್ರಶ್ನೆ, ಯಾವ ಮೆಮೊರಿ? ಹೆಚ್ಚಿನವರು ಎಡವುವುದು ಇಲ್ಲೇ.

ಈಗ ಬಳಕೆಯಲ್ಲಿರುವ ಹಳೆಯ ಸರ್ವರುಗಳಲ್ಲಿ ಬಹುತೇಕ ಡಿಡಿಆರ್3 ಅಥವಾ ಡಿಡಿಆರ್4. ಮೊದಲನೆಯದಕ್ಕೆ 240 ಪಿನ್, ಎರಡನೆಯದಕ್ಕೆ 288. ನಡುವಿನ ಗೀರು ಬೇರೆ ಜಾಗದಲ್ಲಿರುವುದರಿಂದ ಒಂದು ಇನ್ನೊಂದರಲ್ಲಿ ಕೂರುವುದೇ ಇಲ್ಲ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಒಂದೇ ಪೀಳಿಗೆಯೊಳಗೂ ಜಾತಿಗಳಿವೆ ಎಂಬುದು. ಮನೆಯ ಕಂಪ್ಯೂಟರಿನ ಸಾಮಾನ್ಯ ಸ್ಟಿಕ್ ಒಂದು. ದೋಷ ತಿದ್ದುವ 'ಇಸಿಸಿ' ಸ್ಟಿಕ್ ಇನ್ನೊಂದು. ಇಸಿಸಿಯ ಜೊತೆಗೆ ನಡುವೆ ಒಂದು ರಿಜಿಸ್ಟರ್ ಚಿಪ್ ಇರುವ 'ರಿಜಿಸ್ಟರ್ಡ್' ಸ್ಟಿಕ್ ಮತ್ತೊಂದು. ಅದರಾಚೆಗೆ ದೊಡ್ಡ ಸಾಮರ್ಥ್ಯದ 'ಲೋಡ್ ರೆಡ್ಯೂಸ್ಡ್' ಸ್ಟಿಕ್. ಇವನ್ನು ಒಂದರ ಜೊತೆ ಒಂದು ಬೆರೆಸುವಂತಿಲ್ಲ.

ಕಷ್ಟವೇನೆಂದರೆ, ದೊಡ್ಡ ಡೇಟಾ ಸೆಂಟರುಗಳು ಕಳಚಿ ಹಾಕಿದ ರಿಜಿಸ್ಟರ್ಡ್ ಸ್ಟಿಕ್‌ಗಳು ಬಳಸಿದ ಸಾಮಾನಿನ ಮಾರುಕಟ್ಟೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದವರು ಸ್ಲಾಟಿನ ಉದ್ದ ಸರಿಯಿದೆ, ಡಿಡಿಆರ್3 ಎಂದು ಬರೆದಿದೆ ಎಂದು ನೋಡಿ ತಂದುಬಿಡುತ್ತಾರೆ. ಅವರ ಊರಿನ ಕಚೇರಿಯಲ್ಲಿರುವುದು ಝಿಯಾನ್ ಇ3 ಪ್ರೊಸೆಸರಿನ ಸಣ್ಣ ಟವರ್ ಸರ್ವರ್. ಆ ವರ್ಗದ ಪ್ರೊಸೆಸರ್ ರಿಜಿಸ್ಟರ್ ಇಲ್ಲದ ಸ್ಟಿಕ್ ಮಾತ್ರ ಒಪ್ಪುತ್ತದೆ. ತಂದ ಸ್ಟಿಕ್ ಕ್ಲಿಕ್ ಎಂದು ಕೂರುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ. ಸ್ಟಿಕ್ ಕೆಟ್ಟಿದೆ ಎಂದು ಇವರು, ನಿಮ್ಮ ಬೋರ್ಡ್ ಹೋಗಿದೆ ಎಂದು ಅಂಗಡಿಯವರು. ನಿಜಕ್ಕೂ ಯಾವುದೂ ಕೆಟ್ಟಿರುವುದಿಲ್ಲ. ಎರಡು ಪ್ರೊಸೆಸರಿನ ಝಿಯಾನ್ ಇ5 ಯಂತ್ರಗಳಿಗೆ ಅದೇ ಸ್ಟಿಕ್ ಸರಿಯಾಗಿ ಹೊಂದುತ್ತಿತ್ತು.

ಇದನ್ನು ತಪ್ಪಿಸಲು ಸ್ಟಿಕ್ಕಿನ ಮೇಲಿನ ಚೀಟಿ ಓದಲು ಕಲಿತರೆ ಸಾಕು. '16ಜಿಬಿ 2ಆರ್×4 ಪಿಸಿ3ಎಲ್-12800ಆರ್' ಎಂದಿದೆ ಎನ್ನಿ. 16 ಜಿಬಿ ಸಾಮರ್ಥ್ಯ. '2ಆರ್' ಅಂದರೆ ಎರಡು ರ‍್ಯಾಂಕ್, ಚಿಪ್ಪುಗಳ ಎರಡು ತಂಡ. '×4' ಅಂದರೆ ಒಂದೊಂದು ಚಿಪ್ ಒಮ್ಮೆಗೆ ನಾಲ್ಕು ಬಿಟ್ ಕೊಡುತ್ತದೆ. 'ಪಿಸಿ3ಎಲ್' ಅಂದರೆ 1.5 ವೋಲ್ಟಿನ ಬದಲು 1.35 ವೋಲ್ಟಿನಲ್ಲೂ ನಡೆಯುವ ಡಿಡಿಆರ್3. 12800 ಎಂಬುದು ಸೆಕೆಂಡಿಗೆ ಸಾಗುವ ಮೆಗಾಬೈಟ್. ಎಂಟರಿಂದ ಭಾಗಿಸಿದರೆ 1600, ಅಂಗಡಿಯಲ್ಲಿ ಹೇಳುವ ವೇಗ. ಕೊನೆಯ ಅಕ್ಷರವೇ ನಿರ್ಣಾಯಕ: 'ಆರ್' ಇದ್ದರೆ ರಿಜಿಸ್ಟರ್ಡ್, 'ಇ' ಇದ್ದರೆ ರಿಜಿಸ್ಟರ್ ಇಲ್ಲದ ಇಸಿಸಿ, 'ಯು' ಇದ್ದರೆ ಇಸಿಸಿಯೂ ಇಲ್ಲದ ಸಾಮಾನ್ಯ ಸ್ಟಿಕ್, 'ಎಲ್' ಇದ್ದರೆ ಲೋಡ್ ರೆಡ್ಯೂಸ್ಡ್. ಚೀಟಿ ಹರಿದಿದ್ದರೆ ಚಿಪ್ ಎಣಿಸಿ. ಸಾಮಾನ್ಯ ಸ್ಟಿಕ್ಕಿನ ಮಗ್ಗುಲಿಗೆ ಎಂಟಿದ್ದಲ್ಲಿ ಇಸಿಸಿಯದರಲ್ಲಿ ಒಂಬತ್ತು ಇರುತ್ತದೆ. ಯಂತ್ರ ಬಿಚ್ಚದೆಯೇ ಒಳಗೇನಿದೆ ಎಂದು ತಿಳಿಯಲು ಲಿನಕ್ಸಿನಲ್ಲಿ 'ಡಿಎಂಐಡಿಕೋಡ್' ಆಜ್ಞೆಯಿದೆ. ಎಷ್ಟು ಸ್ಲಾಟ್ ತುಂಬಿದೆ, ಎಷ್ಟು ಖಾಲಿ, ಯಾವ ಜಾತಿಯ ಸ್ಟಿಕ್ ಎಂದು ಅದು ಹೇಳುತ್ತದೆ. ಆ ಉತ್ತರವನ್ನೂ ಯಂತ್ರದ ಕೈಪಿಡಿಯ ಮೆಮೊರಿ ಪುಟವನ್ನೂ ಮುದ್ರಿಸಿಕೊಂಡು ಅಂಗಡಿಗೆ ಹೋಗಿ.

ಆ ಒಂಬತ್ತನೆಯ ಚಿಪ್ ಯಾಕೆ ಎಂದು ಕೇಳುವವರಿದ್ದಾರೆ. ಇಸಿಸಿ ಬೇಡ, ಸಾಮಾನ್ಯ ಸ್ಟಿಕ್ಕೇ ಸಾಕು, ಅಗ್ಗ ಎನ್ನುವವರೂ ಇದ್ದಾರೆ. ಕೆಲವು ಸಣ್ಣ ಸರ್ವರುಗಳು ಸಾಮಾನ್ಯ ಸ್ಟಿಕ್ಕಿನಲ್ಲೂ ನಡೆಯುತ್ತವೆ. ಆದರೂ ಜನರ ಲೆಕ್ಕ ಇಡುವ ಯಂತ್ರಕ್ಕೆ ಅದನ್ನು ಹಾಕಬಾರದು ಎಂದೇ ನಾನು ಗಟ್ಟಿಯಾಗಿ ಹೇಳುತ್ತೇನೆ.

1966ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಕಲ್ಪಿಸಿದ ಡೈನಮಿಕ್ ಮೆಮೊರಿಯ ಕೋಶದಲ್ಲಿ ಇರುವುದು ಒಂದು ಟ್ರಾನ್ಸಿಸ್ಟರ್, ಒಂದು ಕಿರಿದಾದ ಕೆಪಾಸಿಟರ್. ಕೆಪಾಸಿಟರಿನಲ್ಲಿ ವಿದ್ಯುತ್ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆ ವಿದ್ಯುತ್ ಸೋರುತ್ತಲೇ ಇರುತ್ತದೆ. ಅದಕ್ಕೇ ಪ್ರತಿ ಸಾಲನ್ನೂ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಓದಿ ಮರಳಿ ತುಂಬಬೇಕು. ಕೋಶವೊಂದು ದುರ್ಬಲವಾಗಿದ್ದರೆ, ಇಲ್ಲವೇ ಹೊರಗಿನ ಕಣವೊಂದು ಬಡಿದರೆ ಸೊನ್ನೆ ಒಂದಾಗಬಹುದು, ಒಂದು ಸೊನ್ನೆಯಾಗಬಹುದು. ಖಾತೆಯಲ್ಲಿ 1,000 ಎಂದಿರುವ ಸಂಖ್ಯೆಯ ಬಲದಿಂದ ಹದಿನೈದನೆಯ ಬಿಟ್ ಹೀಗೆ ತಿರುಗಿದರೆ ಅದು 17,384 ಆಗುತ್ತದೆ. ಯಂತ್ರ ಇದನ್ನು ತಪ್ಪು ಎಂದು ತಿಳಿಯುವುದೇ ಇಲ್ಲ. ಹಾಗೆಯೇ ಡಿಸ್ಕಿಗೂ ಬರೆದುಬಿಡುತ್ತದೆ, ಅಲ್ಲಿಂದ ಬ್ಯಾಕಪ್ಪಿಗೂ ಹೋಗುತ್ತದೆ. ಇಸಿಸಿ ಸ್ಟಿಕ್ ಪ್ರತಿ 64 ಬಿಟ್ಟಿಗೆ 8 ಬಿಟ್ ಹೆಚ್ಚುವರಿ ಇಟ್ಟುಕೊಳ್ಳುತ್ತದೆ; ಅದರ ನೆರವಿನಿಂದ ಯಂತ್ರ ಒಂದು ಬಿಟ್ ತಪ್ಪಿದರೆ ತಾನೇ ತಿದ್ದುತ್ತದೆ, ಎರಡು ತಪ್ಪಿದರೆ ಕಂಡುಹಿಡಿಯುತ್ತದೆ. ಇದರ ಮೂಲ ಗಣಿತ 1950ರಲ್ಲಿ ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ ಪ್ರಕಟಿಸಿದ್ದು.

ಹೀಗೆ ಬಿಟ್ ತಪ್ಪುವುದು ಎಲ್ಲೋ ಅಪರೂಪ ಎಂಬ ನಂಬಿಕೆ 2009ರ ತನಕ ಇತ್ತು. ಆ ವರ್ಷ ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಗೂಗಲ್‌ನ ಇಬ್ಬರೊಂದಿಗೆ ಸೇರಿ, ಆ ಕಂಪೆನಿಯ ಸರ್ವರುಗಳನ್ನು ಎರಡೂವರೆ ವರ್ಷ ಗಮನಿಸಿದ ವರದಿ ಪ್ರಕಟಿಸಿದರು. ವರ್ಷಕ್ಕೆ ನೂರರಲ್ಲಿ ಎಂಟಕ್ಕೂ ಹೆಚ್ಚು ಸ್ಟಿಕ್‌ಗಳಲ್ಲಿ ತಿದ್ದಬಹುದಾದ ದೋಷ ಕಂಡಿತ್ತು. ಯಂತ್ರಗಳ ಲೆಕ್ಕದಲ್ಲಿ ಮೂರಕ್ಕೆ ಒಂದು. ಬಿಸಿಲಿನ ನಾಡಿನವರಾದ ನಮಗೆ ಅದರಲ್ಲೊಂದು ಸಮಾಧಾನದ ಸಂಗತಿಯೂ ಇತ್ತು: ತಾಪಮಾನದ ಪರಿಣಾಮ ಅಂದುಕೊಂಡಷ್ಟು ದೊಡ್ಡದಲ್ಲ. ವಯಸ್ಸಿನ ಪರಿಣಾಮ ಮಾತ್ರ ಇತ್ತು. ಹಳೆಯ ಯಂತ್ರಕ್ಕೆ ಬಳಸಿದ ಸ್ಟಿಕ್ ಹಾಕುವವರು ಇದನ್ನು ನೆನಪಿಡಬೇಕು.

ಸ್ಟಿಕ್ ಕೂರಿಸುವ ಕೆಲಸ ಅಷ್ಟೇನೂ ಕಷ್ಟವಿಲ್ಲ, ಆದರೆ ಕರಾವಳಿಯಲ್ಲಿ ಅದಕ್ಕೂ ಒಂದು ಕಾಲವಿದೆ. ಏಪ್ರಿಲ್–ಮೇ ತಿಂಗಳ ಸಂಜೆ ಘಟ್ಟದ ಬುಡದಲ್ಲಿ ಗುಡುಗು ಸಿಡಿಲು ಜೋರು. ಆ ಹೊತ್ತಿನಲ್ಲಿ ಸರ್ವರ್ ಬಿಚ್ಚಬೇಡಿ, ಬೆಳಗ್ಗೆಯೇ ಮುಗಿಸಿ. ಆಟಿಯ ತೇವದಲ್ಲಿ ವರ್ಷಾನುಗಟ್ಟಲೆ ಕೂತ ಯಂತ್ರದ ಸ್ಲಾಟುಗಳಲ್ಲಿ ಧೂಳು ಹಸಿಹಿಡಿದು ಗಟ್ಟಿಯಾಗಿರುತ್ತದೆ, ಇರುವೆ ಗೂಡು ಕಟ್ಟಿರುವುದೂ ಉಂಟು, ಹಲ್ಲಿ ಸತ್ತು ಒಣಗಿರುವುದೂ ಉಂಟು. ಮೊದಲು ಬ್ಲೋವರ್ ಹಿಡಿದು ಧೂಳು ಹೊರಹಾಕಿ. ಸ್ಟಿಕ್ಕಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ನಮ್ಮಲ್ಲಿ ರೂಢಿ. ಅದು ತೆಳುವಾದ ಚಿನ್ನದ ಲೇಪವನ್ನೇ ಸವೆಸುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ, ನೂಲು ಬಿಡದ ಬಟ್ಟೆಯಿಂದ ಒರೆಸಿದರೆ ಸಾಕು.

ಬಿಚ್ಚುವ ಮೊದಲು ಬ್ಯಾಕಪ್. ಬ್ಯಾಕಪ್ ಆಗಿದೆ ಎಂಬ ಸಂದೇಶ ನಂಬದೆ, ಒಂದು ಕಡತವನ್ನಾದರೂ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಸರ್ವರಿಗೆ ಎರಡು ಪವರ್ ಸಪ್ಲೈ ಇದ್ದರೆ ಎರಡೂ ಕೇಬಲ್ ಕಳಚಿ, ಪವರ್ ಗುಂಡಿಯನ್ನು ಒಂದಿಷ್ಟು ಹೊತ್ತು ಒತ್ತಿಹಿಡಿದು ಉಳಿದ ವಿದ್ಯುತ್ ಖಾಲಿ ಮಾಡಿ. ಸ್ಟಿಕ್ ಮುಟ್ಟುವ ಮುನ್ನ ಯಂತ್ರದ ಲೋಹದ ಮೈ ಮುಟ್ಟಿ. ಸ್ಲಾಟುಗಳಿಗೆ ಕ್ರಮವಿದೆ: ಎರಡು ಪ್ರೊಸೆಸರಿನ ಇ5 ಯಂತ್ರದಲ್ಲಿ ಪ್ರತಿ ಪ್ರೊಸೆಸರಿಗೂ ನಾಲ್ಕು ಚಾನೆಲ್; ಒಂದೇ ತರಹದ ನಾಲ್ಕು ಸ್ಟಿಕ್‌ಗಳನ್ನು ನಾಲ್ಕೂ ಚಾನೆಲಿಗೆ ಹಂಚಿದರೆ ಪೂರ್ತಿ ವೇಗ ಸಿಗುತ್ತದೆ. ಎರಡನೆಯ ಪ್ರೊಸೆಸರ್ ಇಲ್ಲದಿದ್ದರೆ ಅದರ ಬದಿಯ ಸ್ಲಾಟುಗಳು ಕೆಲಸ ಮಾಡುವುದಿಲ್ಲ. ಯಾವ ಸ್ಲಾಟ್ ಮೊದಲು ಎಂಬುದು ಮುಚ್ಚಳದ ಒಳಬದಿಯ ಚಿತ್ರದಲ್ಲೇ ಇರುತ್ತದೆ.

ಮೊದಲ ಸಲ ಗುಂಡಿ ಒತ್ತಿದಾಗ ತೆರೆ ಕಪ್ಪಗಿರುತ್ತದೆ. ಹೊಸ ಮೆಮೊರಿಯನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಸರ್ವರ್ ಹಲವು ನಿಮಿಷ ತೆಗೆದುಕೊಳ್ಳಬಹುದು. ಆ ಹೊತ್ತಿನಲ್ಲಿ ಹೆದರಿ ಕರೆಂಟ್ ಕೀಳಬೇಡಿ. ಎದ್ದ ಮೇಲೆ 'ಮೆಮ್‌ಟೆಸ್ಟ್86+' ಎಂಬ ಉಚಿತ ತಂತ್ರಾಂಶವನ್ನು ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ದೋಷ ತೋರಿಸಿದರೂ ಆ ಸ್ಟಿಕ್ ಅಂಗಡಿಗೆ ವಾಪಸ್.

ಇಷ್ಟಾದ ಮೇಲೂ "ಏನೂ ವ್ಯತ್ಯಾಸ ಇಲ್ಲವಲ್ಲ" ಎನ್ನುವವರಿದ್ದಾರೆ. ಅವರು ಹೇಳುವುದು ನಿಜವೇ, ಕಾರಣ ತಂತ್ರಾಂಶದಲ್ಲಿರುತ್ತದೆ. 32 ಬಿಟ್‌ನ ವಿಂಡೋಸ್ ಸರ್ವರ್ 2008 ಸ್ಟ್ಯಾಂಡರ್ಡ್ 4 ಜಿಬಿಗಿಂತ ಹೆಚ್ಚು ಬಳಸುವುದಿಲ್ಲ. 2008 ಆರ್2 ಸ್ಟ್ಯಾಂಡರ್ಡ್ 32 ಜಿಬಿಗೆ ನಿಲ್ಲುತ್ತದೆ. ಉಚಿತವಾಗಿ ಸಿಗುತ್ತದೆಂದು ಎಷ್ಟೋ ಲೆಕ್ಕಪತ್ರದ ಪ್ಯಾಕೇಜುಗಳು ಬಳಸುವ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್, 2014ರ ಆವೃತ್ತಿಯವರೆಗೆ ತನ್ನ ಮಾಹಿತಿಗೆಂದು 1 ಜಿಬಿ ಮೆಮೊರಿ ಮಾತ್ರ ಇಟ್ಟುಕೊಳ್ಳುತ್ತದೆ. 2016ರಿಂದ 1,410 ಎಂಬಿ. ಅಂಥ ಯಂತ್ರಕ್ಕೆ 64 ಜಿಬಿ ಹಾಕುವುದು ಹಣ ಪೋಲು.

ಗ್ರಂಥಾಲಯಗಳಲ್ಲಿ ಬಳಕೆಯಲ್ಲಿರುವ 'ಕೋಹಾ' ಮುಕ್ತ ತಂತ್ರಾಂಶದ ಕತೆ ಬೇರೆ. ಅದರ ಬೆನ್ನಿಗಿರುವುದು ಮೈಎಸ್‌ಕ್ಯೂಎಲ್ ಇಲ್ಲವೇ ಮರಿಯಾಡಿಬಿ. ಇವುಗಳ 'ಇನ್ನೊಡಿಬಿ ಬಫರ್ ಪೂಲ್' ಎಂಬ ಮೊತ್ತ ಯಾರೂ ಮುಟ್ಟದಿದ್ದರೆ 128 ಎಂಬಿಯಲ್ಲೇ ಇರುತ್ತದೆ. ಮೆಮೊರಿ 4ರಿಂದ 24 ಜಿಬಿಗೆ ಏರಿದರೂ ಆ ಮೊತ್ತ ಬದಲಾಗದಿದ್ದರೆ ಡೇಟಾಬೇಸ್ ತನ್ನ ಹಳೆಯ ಅಳತೆಯಲ್ಲೇ ಇರುತ್ತದೆ. ಪುಸ್ತಕಪಟ್ಟಿ ಪೂರ್ತಿ ಮೆಮೊರಿಯಲ್ಲಿ ಹಿಡಿಸುವಷ್ಟು ಆ ಮೊತ್ತ ಏರಿಸಿ, ಡೇಟಾಬೇಸನ್ನು ಮತ್ತೆ ಶುರುಮಾಡಿ. ಮೆಮೊರಿ ಹಾಕಿಸಿದ ಬಿಲ್ಲಿನ ಜೊತೆಗೆ ಈ ಕೆಲಸವನ್ನೂ ತಂತ್ರಜ್ಞರಿಂದ ಕೇಳಿ ಮಾಡಿಸಿಕೊಳ್ಳಬೇಕು.

ಎಲ್ಲ ಹಳೆಯ ಯಂತ್ರಗಳನ್ನೂ ಉಳಿಸಬೇಕೆಂದು ನಾನು ಹೇಳುವುದಿಲ್ಲ. ವಿಂಡೋಸ್ ಸರ್ವರ್ 2012 ಆರ್2ಗೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಭದ್ರತಾ ತಿದ್ದುಪಡಿ 2023ರ ಅಕ್ಟೋಬರಿನಲ್ಲೇ ನಿಂತಿತು. ಇಂಟರ್ನೆಟ್ಟಿಗೆ ತೆರೆದುಕೊಂಡ ಅಂಥ ಯಂತ್ರಕ್ಕೆ ಮೆಮೊರಿಗಿಂತ ಮೊದಲು ಹೊಸ ಕಾರ್ಯಾಚರಣ ವ್ಯವಸ್ಥೆ ಬೇಕು. ಕರೆಂಟಿನ ಲೆಕ್ಕವೂ ಇದೆ. ಸದಾ 150 ವಾಟ್ ಎಳೆಯುವ ಸರ್ವರ್ ವರ್ಷಕ್ಕೆ 1,314 ಯೂನಿಟ್ ತಿನ್ನುತ್ತದೆ. ನಾಲ್ಕು ಜನ ಬಳಸುವ ಕಚೇರಿಗೆ ಎರಡು ಪ್ರೊಸೆಸರಿನ ದೈತ್ಯ ಬೇಕೇ ಎಂದು ಕೇಳಿಕೊಳ್ಳಬೇಕಾದ್ದೇ. ಇನ್ನೊಂದೆಡೆ ಹೊಸ ಯಂತ್ರವೂ ಈಗ ಅಗ್ಗವಿಲ್ಲ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ಜಿಗಿಯಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪೆನಿ ಕ್ರೂಶಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಹಾಗಾಗಿ ಚೆನ್ನಾಗಿರುವ ಬಳಸಿದ ಸ್ಟಿಕ್ಕಿಗೂ ಈಗ ಬೆಲೆಯಿದೆ.

ತೆಗೆದ ಹಳೆಯ ಸ್ಟಿಕ್‌ಗಳನ್ನು ಕಸಕ್ಕೆ ಹಾಕಬೇಡಿ. ಒಂದೆರಡನ್ನು ಅದು ಯಾವ ಯಂತ್ರದ್ದು ಎಂದು ಬರೆದ ಚೀಟಿಯೊಂದಿಗೆ ಆಪತ್ತಿಗೆ ಇಟ್ಟುಕೊಳ್ಳಿ. ಉಳಿದದ್ದನ್ನು ಅದೇ ಜಾತಿಯ ಯಂತ್ರವಿರುವ ಹತ್ತಿರದ ಶಾಲೆಗೋ ಐಟಿಐಗೋ ಕೊಡಿ. ಕರೆಂಟ್ ಹೋದೊಡನೆ ರ‍್ಯಾಮಿನಲ್ಲಿದ್ದ ಮಾಹಿತಿ ಅಳಿಯುವುದರಿಂದ ನಿಮ್ಮ ಸದಸ್ಯರ ಲೆಕ್ಕ ಅದರೊಂದಿಗೆ ಹೋಗುವುದಿಲ್ಲ. ಡಿಸ್ಕ್ ಮಾತ್ರ ಹಾಗೆ ಕೊಡುವಂಥದ್ದಲ್ಲ. ಅದರಲ್ಲಿರುವುದು ಅದರಲ್ಲೇ ಇರುತ್ತದೆ. ಕೆಟ್ಟುಹೋದ ಸ್ಟಿಕ್ ಮತ್ತು ಬೋರ್ಡುಗಳನ್ನು 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ನೋಂದಾಯಿತ ಮರುಬಳಕೆದಾರರಿಗೇ ಕೊಟ್ಟು, ಕೊಟ್ಟದ್ದಕ್ಕೆ ರಸೀದಿ ಪಡೆದು ಕಡತದಲ್ಲಿಡಿ.